ಗ್ಯಾಲರಿ ಯಾರದು?

ಗಂಗಾನಗರದ ನಮ್ಮ ಬೀದಿಯ ಕೊನೆಯಲ್ಲಿ ಆಗ ಒಂದು ಖಾಲಿ ಸೈಟಿತ್ತು. ಈ ಶತಮಾನದ ಮೊದಲ ವರ್ಷಗಳ ಮಾತು. ಸಂಜೆಯಾದರೆ ಹುಡುಗರು ಇಟ್ಟಿಗೆ ಚೂರುಗಳನ್ನು ಗೋಲುಕಂಬ ಮಾಡಿಕೊಂಡು ಅಲ್ಲಿ ಫುಟ್‌ಬಾಲ್ ಆಡುತ್ತಿದ್ದರು. ಮೈಮೇಲೆ ಶಿವಾಜಿನಗರದ ಫುಟ್‌ಪಾತಿನಲ್ಲಿ ಕೊಂಡ ಮ್ಯಾಂಚೆಸ್ಟರ್ ಯುನೈಟೆಡ್‌ನ ಕೆಂಪು ಅಂಗಿ, ಬೆನ್ನ ಮೇಲೆ ಬೆಕ್‌ಹ್ಯಾಮ್‌ನ ಹೆಸರು. ಒಂದು ದಿನ ನಮ್ಮ ಮನೆಗೆ ಬಂದಿದ್ದ ಮಾಮು, ಅಂದರೆ ನನ್ನ ತಾಯಿಯ ಅಣ್ಣ, ಆಟ ನೋಡುತ್ತ ನಿಂತವರು ಒಬ್ಬ ಹುಡುಗನನ್ನು ಹತ್ತಿರ ಕರೆದು ಕೇಳಿದರು: "ಅಹ್ಮದ್ ಖಾನ್ ಗೊತ್ತೇನೋ ನಿಂಗೆ?"

ಹುಡುಗ ತಲೆ ಕೆರೆದುಕೊಂಡ. "ಯಾರು ಅಂಕಲ್, ಮಟನ್ ಅಂಗಡಿ ಅಹ್ಮದ್ ಭಾಯಿನಾ?"

ಮಾಮು ನಗಲಿಲ್ಲ. ಅವರು ಹೇಳುತ್ತಿದ್ದ ಅಹ್ಮದ್ ಖಾನ್ ಆಗ ಇದೇ ಊರಿನಲ್ಲಿ ಬದುಕಿದ್ದರು. 1948ರ ಲಂಡನ್ ಒಲಿಂಪಿಕ್ಸ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಆಡಿದವರು, 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದವರು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ಮುಂಚೂಣಿಯ ಐವರನ್ನು ಜನ 'ಪಂಚಪಾಂಡವರು' ಎನ್ನುತ್ತಿದ್ದರು. ಆ ಪಾಂಡವರಲ್ಲಿ ಒಬ್ಬರು ನಮ್ಮ ಅಹ್ಮದ್ ಖಾನ್. ಚೆಂಡನ್ನು ಹಾವಿನಂತೆ ಆಡಿಸುತ್ತಾರೆಂದು ಅವರಿಗೆ ಹಾವಾಡಿಗ ಎಂಬ ಅಡ್ಡಹೆಸರೂ ಇತ್ತು. ಅವರು ತೀರಿಕೊಂಡದ್ದು 2017ರಲ್ಲಿ.

ಮಾಮು ಶಿವಾಜಿನಗರದಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ಒಂದು ಕಾಲದಲ್ಲಿ ಅಸರ್ ನಮಾಜು ಮುಗಿಸಿ ಅಂಗಡಿ ಬಾಗಿಲು ಎಳೆದು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿಗೆ ನಡೆದೇ ಹೋಗುತ್ತಿದ್ದವರು. ನಾನು ಕಾಲೇಜಿಗೆ ಬರುವ ಹೊತ್ತಿಗೆ ಹೋಗುವುದನ್ನು ಬಿಟ್ಟಿದ್ದರು. ಯಾಕೆ ಎಂದು ಕೇಳಿದರೆ ಅವರ ಉತ್ತರ ಇದು: "ಎಲ್ಲ ಆಫೀಸಿನ ಟೀಮುಗಳು ಬೇಟಾ. ಗೆದ್ದರೆ ಆಡಿದವನಿಗೆ ಪ್ರಮೋಷನ್ ಸಿಗುತ್ತದೆ. ಚಪ್ಪಾಳೆ ಹೊಡೆದ ನನಗೇನು?"

ಈ ಮಾತನ್ನು ಆಗ ನಾನು ಮುದುಕರ ಗೊಣಗಾಟ ಅಂದುಕೊಂಡಿದ್ದೆ. ಬೆಂಗಳೂರಿನ ಫುಟ್‌ಬಾಲ್ ಚರಿತ್ರೆಯನ್ನು ಓದತೊಡಗಿದ ಮೇಲೆ ಅದರಲ್ಲಿ ತಿರುಳಿದೆ ಅನಿಸಿದೆ.

ಈ ಊರಿಗೆ ಫುಟ್‌ಬಾಲ್ ಬಂದದ್ದು ದಂಡಿನ ಜೊತೆಗೆ. ಕಂಟೋನ್‌ಮೆಂಟಿನ ಬ್ರಿಟಿಷ್ ಸಿಪಾಯಿಗಳು ಬೂಟು ಹಾಕಿಕೊಂಡು ಆಡುತ್ತಿದ್ದ ಆಟವನ್ನು ಸುತ್ತಲಿನ ಬಡ ಮೊಹಲ್ಲಾಗಳ ಮಕ್ಕಳು ಬರಿಗಾಲಿನಲ್ಲಿ ಕಲಿತರು. ಶಿವಾಜಿನಗರ, ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರಿನ ಗೌತಮಪುರ, ಇವೆಲ್ಲ ದಂಡಿನ ಚಾಕರಿ ಮಾಡುತ್ತಿದ್ದವರ ಕೇರಿಗಳು. ತಮಿಳರು, ದಖನಿ ಮಾತಾಡುವ ಮುಸಲ್ಮಾನರು, ಆಂಗ್ಲೋ ಇಂಡಿಯನ್ನರು ಒತ್ತೊತ್ತಾಗಿ ಬದುಕಿದ ಜಾಗಗಳು. ಇಲ್ಲಿಂದಲೇ 'ಬೆಂಗಳೂರು ಮುಸ್ಲಿಮ್ಸ್' ಎಂಬ ತಂಡ ಎದ್ದು ಬಂತು.

ಬೊಂಬಾಯಿಯ ರೋವರ್ಸ್ ಕಪ್ 1891ರಲ್ಲಿ ಶುರುವಾದ ಪಂದ್ಯಾವಳಿ. ನಲವತ್ತೈದು ವರ್ಷ ಅದನ್ನು ಗೋರಾ ಪಲ್ಟನ್ನುಗಳೇ ಗೆದ್ದುಕೊಂಡು ಬಂದಿದ್ದವು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಫೈನಲ್‌ನಲ್ಲಿ ಸೋಲಿಸಿದ್ದು ಯಾರನ್ನು? ಕಲ್ಕತ್ತೆಯ ಮಹಮ್ಮಡನ್ ಸ್ಪೋರ್ಟಿಂಗನ್ನು. 1934ರಿಂದ ಸತತ ಐದು ವರ್ಷ ಕಲ್ಕತ್ತಾ ಲೀಗನ್ನು ಗೆದ್ದು ದೇಶವನ್ನೇ ಬೆರಗಾಗಿಸಿದ್ದ ತಂಡ ಅದು. ಅದರೊಳಗೂ ಬೆಂಗಳೂರಿನಿಂದ ಹೋದ ಆಟಗಾರರಿದ್ದರು. ಮರುವರ್ಷ ನಮ್ಮವರು ಬ್ರಿಟಿಷ್ ಸೇನೆಯ ಆರ್ಗೈಲ್ ಅಂಡ್ ಸದರ್ಲ್ಯಾಂಡ್ ಹೈಲ್ಯಾಂಡರ್ಸ್ ತಂಡವನ್ನು ಸೋಲಿಸಿ ಕಪ್ಪನ್ನು ಉಳಿಸಿಕೊಂಡರು. 1948ರಲ್ಲಿ ಮತ್ತೆ ಗೆದ್ದರು, ಈ ಬಾರಿ ಮೋಹನ್ ಬಾಗಾನ್ ವಿರುದ್ಧ. ಈ ಮೋಹನ್ ಬಾಗಾನ್ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಬೆಂಗಳೂರಿನ ಫುಟ್‌ಬಾಲ್ ಕತೆಯ ಪ್ರತಿ ತಿರುವಿನಲ್ಲೂ ಅದು ಎದುರಾಗುತ್ತದೆ.

ತಂಡದ ಹೆಸರಿನಲ್ಲಿ ಒಂದು ಕೋಮಿನ ಹೆಸರಿರುವುದು ಇವತ್ತಿನ ಕಿವಿಗೆ ಕಿರಿಕಿರಿ ಎನಿಸಬಹುದು. ಆ ಕಾಲದಲ್ಲಿ ಕ್ಲಬ್ಬುಗಳು ಕಟ್ಟಿಕೊಂಡದ್ದೇ ಹಾಗೆ. ಬೊಂಬಾಯಿಯ ಕ್ರಿಕೆಟ್ಟಿನಲ್ಲಿ ಹಿಂದೂಸ್, ಪಾರ್ಸೀಸ್, ಮುಸ್ಲಿಮ್ಸ್ ಎಂದೇ ತಂಡಗಳಿದ್ದವು. ನನಗೆ ಮುಖ್ಯವೆನಿಸುವುದು ಬೇರೆ. ಈ ತಂಡದ ಹಿಂದೆ ಒಬ್ಬ ಸಾಹುಕಾರನ ಹೆಸರಿಲ್ಲ. ಮೊಹಲ್ಲಾದವರು ತಂಡವನ್ನು ತಮ್ಮದೆಂದುಕೊಂಡರು, ತಂಡವೂ ಅದನ್ನು ಒಪ್ಪಿಕೊಂಡಿತು. ಮಾಮು ಹುಟ್ಟುವ ಮೊದಲಿನ ಗೆಲುವು ಅದು. ಆದರೂ ಅವರು ಅದನ್ನು "ನಾವು ಗೆದ್ದೆವು" ಎಂದೇ ಹೇಳುತ್ತಿದ್ದರು.

ಹೀಗೆ 'ನಾವು' ಎನ್ನುವ ಸುಖ ಇಡೀ ರಾಜ್ಯಕ್ಕೂ ಇತ್ತು. 1948ರ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 2-1ರಿಂದ ಸೋತಾಗ ಭಾರತದ ಏಕೈಕ ಗೋಲು ಹೊಡೆದವರು ನಮ್ಮ ಕಡೆಯ ಎಸ್. ರಾಮನ್. ಮೈಸೂರು ತಂಡ 1946-47ರಲ್ಲಿ, 1952-53ರಲ್ಲಿ, ಮತ್ತೆ 1967-68 ಮತ್ತು 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು. ಆಮೇಲೆ ಆ ಟ್ರೋಫಿ ನಮ್ಮ ಕಡೆ ಮುಖ ಹಾಕಲು 54 ವರ್ಷ ಬೇಕಾಯಿತು. 2023ರ ಮಾರ್ಚ್‌ನಲ್ಲಿ ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಅದನ್ನು ತಂದಿತು. ಆ ಸುದ್ದಿ ನಮ್ಮ ಬೀದಿಯಲ್ಲಿ ಎಷ್ಟು ಮನೆಗಳಿಗೆ ತಲುಪಿತೋ ಅಲ್ಲಾಹನೇ ಬಲ್ಲ.

ನಡುವೆ ಬಂದದ್ದು ಕಾರ್ಖಾನೆಗಳ ಕಾಲ. ಐಟಿಐ, ಎಚ್‌ಎಎಲ್, ಎಲ್‌ಆರ್‌ಡಿಇ, ಸೇನೆಯ ಎಂಇಜಿ. ಬಡ ಹುಡುಗನಿಗೆ ಆಟದಿಂದ ಕಾಯಂ ನೌಕರಿ ಸಿಕ್ಕಿತು. ಇದು ಸಣ್ಣ ಮಾತಲ್ಲ, ಎಷ್ಟೋ ಮನೆಗಳ ಒಲೆ ಉರಿದದ್ದು ಅದರಿಂದ. 1977ರಲ್ಲಿ ಫೆಡರೇಷನ್ ಕಪ್ ಮೊದಲ ಬಾರಿಗೆ ನಡೆದಾಗ ಎರ್ನಾಕುಲಂನಲ್ಲಿ ಅದನ್ನು ಗೆದ್ದದ್ದು ನಮ್ಮ ಐಟಿಐ, ಫೈನಲ್‌ನಲ್ಲಿ ಸೋತದ್ದು ಮತ್ತದೇ ಮೋಹನ್ ಬಾಗಾನ್. ಆದರೆ ಕಾರ್ಖಾನೆಗಳ ನಸೀಬು ಇಳಿದಂತೆ ತಂಡಗಳೂ ಇಳಿದವು. 1983ರ ವಿಶ್ವಕಪ್‌ನ ನಂತರ ಕ್ರಿಕೆಟ್ ಎಲ್ಲವನ್ನೂ ನುಂಗಿತು. ಕೇಬಲ್ ಟಿವಿ ಬಂದು ಇಂಗ್ಲೆಂಡಿನ ಲೀಗನ್ನು ಶನಿವಾರ ಸಂಜೆಗೆ ನೇರ ನಮ್ಮ ನಡುಮನೆಗೆ ತಂದಿಟ್ಟಿತು. 2012ರಲ್ಲಿ ಎಚ್‌ಎಎಲ್ ತಂಡ ಐ-ಲೀಗ್‌ನಿಂದ ಕೆಳಗಿಳಿದ ಮೇಲೆ ದೇಶದ ಮೇಲ್ದರ್ಜೆಯ ಲೀಗಿನಲ್ಲಿ ಬೆಂಗಳೂರಿನ ತಂಡವೇ ಇರಲಿಲ್ಲ. ಫುಟ್‌ಬಾಲ್ ಹುಚ್ಚು ಊರಿನಿಂದ ಹೋಗಿರಲಿಲ್ಲ, ಆದರೆ ಅದಕ್ಕೆ ಇಲ್ಲಿ ಮನೆ ಇರಲಿಲ್ಲ.

ಹೊಸ ಯಜಮಾನ ಬಂದದ್ದು ಇಂಥ ಹೊತ್ತಿನಲ್ಲಿ.

2013ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಐ-ಲೀಗಿಗೆ ನೇರ ಪ್ರವೇಶ ಕೊಡುವುದಾಗಿ ಕಂಪನಿಗಳನ್ನು ಕರೆಯಿತು. ಬೆಂಗಳೂರಿನ ಸ್ಥಾನ ಜೆಎಸ್‌ಡಬ್ಲ್ಯು ಗುಂಪಿಗೆ ಸಿಕ್ಕಿತು. ಬಳ್ಳಾರಿ ಎಂದರೆ ಅದಿರಿನ ಲಾರಿಗಳೇ ಕಣ್ಣಿಗೆ ಬರುತ್ತಿದ್ದ ವರ್ಷಗಳು ಅವು. ಆ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕು ಕರಗಿಸುವ ಕಂಪನಿ ಬೆಂಗಳೂರಿನಲ್ಲಿ ಫುಟ್‌ಬಾಲ್ ಆಡಿಸುತ್ತದೆಂದಾಗ ಮಾಮು ಹೇಳಿದ್ದು ಒಂದೇ ಮಾತು: "ಇನ್ನೊಂದು ಕಾರ್ಖಾನೆ ಟೀಮು."

ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲು ನನ್ನ ಅನಿಸಿಕೆಯನ್ನು ಅಲುಗಾಡಿಸಿದ್ದು ಹೆಸರು. 2013ರ ಜುಲೈ 20ರಂದು ಪ್ರಕಟಿಸಿದ ಹೆಸರಿನಲ್ಲಿ ಕಂಪನಿಯ ಸುಳಿವಿರಲಿಲ್ಲ: ಬೆಂಗಳೂರು ಎಫ್‌ಸಿ. ಇಂಗ್ಲಿಷಿನಲ್ಲೂ 'ಬೆಂಗಳೂರು' ಎಂದೇ ಬರೆದರು. ಸರಕಾರಿ ಕಾಗದಗಳಲ್ಲಿ ಊರು ಇನ್ನೂ 'ಬ್ಯಾಂಗಲೋರ್' ಆಗಿದ್ದ ಸಮಯ ಅದು. ಅಧಿಕೃತವಾಗಿ ಹೆಸರು ಬದಲಾದದ್ದು 2014ರ ನವೆಂಬರ್ 1ರಂದು. ಮುಂಬೈಯ ಒಂದು ಕಂಪನಿ ನಮ್ಮ ಊರನ್ನು ನಮ್ಮ ಸರಕಾರಕ್ಕಿಂತ ಒಂದು ವರ್ಷಕ್ಕೂ ಮೊದಲೇ ಸರಿಯಾದ ಹೆಸರಿನಿಂದ ಕರೆದದ್ದು ತಮಾಷೆಯೂ ಹೌದು, ಜಾಣತನವೂ ಹೌದು.

ಹೆಸರಿನ ವಿಷಯದಲ್ಲಿ ಯಜಮಾನರು ಎಡವಿದ ಉದಾಹರಣೆಗಳು ಬೇಕಾದಷ್ಟಿವೆ. ಬ್ರಿಟನ್ನಿನ ವೇಲ್ಸ್‌ನಲ್ಲಿ ಕಾರ್ಡಿಫ್ ಸಿಟಿ ಎಂಬ ಹಳೆಯ ಕ್ಲಬ್ಬಿದೆ. ಅದರ ಬಣ್ಣ ನೀಲಿ, ಅಡ್ಡಹೆಸರು ನೀಲಿಹಕ್ಕಿಗಳು. ಅದನ್ನು ಕೊಂಡ ಮಲೇಶಿಯಾದ ಉದ್ಯಮಿ ವಿನ್ಸೆಂಟ್ ಟಾನ್ 2012ರಲ್ಲಿ ಅಂಗಿಯನ್ನು ಕೆಂಪು ಮಾಡಿದರು. ಮರುವರ್ಷವೇ ತಂಡ ಪ್ರೀಮಿಯರ್ ಲೀಗಿಗೆ ಏರಿತು. ಅರ್ಧ ಶತಮಾನ ಕಾದಿದ್ದ ಗೆಲುವು ಅದು, ಆದರೂ ಅಭಿಮಾನಿಗಳ ಸಿಟ್ಟು ಆರಲಿಲ್ಲ. ಕೊನೆಗೆ 2015ರ ಜನವರಿಯಲ್ಲಿ ಟಾನ್ ನೀಲಿಯನ್ನು ವಾಪಸು ಕೊಟ್ಟರು. ತಮ್ಮ ತಾಯಿ ಒಗ್ಗಟ್ಟಿನ ಬಗ್ಗೆ ಹೇಳಿದ ಬುದ್ಧಿಮಾತೂ ಇದಕ್ಕೆ ಕಾರಣ ಎಂದರು. ತಾಯಂದಿರನ್ನು ಮೊದಲೇ ಕೇಳಿದ್ದರೆ ಎಷ್ಟೋ ಕಂಪನಿಗಳಿಗೆ ಖರ್ಚು ಉಳಿಯುತ್ತಿತ್ತು.

ಬೆಂಗಳೂರು ಎಫ್‌ಸಿಯ ಮೊದಲ ಪಂದ್ಯ 2013ರ ಸೆಪ್ಟೆಂಬರ್ 22ರಂದು ಅಶೋಕನಗರದ ಅದೇ ಹಳೆಯ ಸ್ಟೇಡಿಯಮ್ಮಿನಲ್ಲಿ. ಎದುರಾಳಿ, ಹೇಳಬೇಕೆ, ಮೋಹನ್ ಬಾಗಾನ್. ಆಟ 1-1ರಲ್ಲಿ ಮುಗಿಯಿತು. ಹೊಸ ಯಜಮಾನರು ಊರಾಚೆ ಗಾಜಿನ ಕ್ರೀಡಾಂಗಣ ಕಟ್ಟದೆ, ಮಾಮುವಿನ ಕಾಲಿಗೆ ದಾರಿ ಗೊತ್ತಿದ್ದ ಜಾಗಕ್ಕೇ ಬಂದರು. ಟಿಕೆಟ್ಟು ಮಲ್ಟಿಪ್ಲೆಕ್ಸಿನ ಸಿನಿಮಾಕ್ಕಿಂತ ಅಗ್ಗ. ಪಶ್ಚಿಮದ ಗ್ಯಾಲರಿಯಲ್ಲಿ ಒಬ್ಬರಿಗೊಬ್ಬರು ಗುರುತಿಲ್ಲದ ಯುವಕರು ಸೇರಿ 'ವೆಸ್ಟ್ ಬ್ಲಾಕ್ ಬ್ಲೂಸ್' ಎಂದು ಹೆಸರಿಟ್ಟುಕೊಂಡು ತೊಂಬತ್ತು ನಿಮಿಷವೂ ನಿಂತೇ ಹಾಡತೊಡಗಿದರು. ಪಂದ್ಯ ಮುಗಿದ ಮೇಲೆ ಆಟಗಾರರು ಡ್ರೆಸ್ಸಿಂಗ್ ರೂಮಿಗೆ ಹೋಗುವ ಮೊದಲು ಆ ಗ್ಯಾಲರಿಯ ಮುಂದೆ ಬಂದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಚಪ್ಪಾಳೆ ಹೊಡೆದವನಿಗೆ ಏನು ಸಿಗುತ್ತದೆ ಎಂಬ ಮಾಮುವಿನ ಪ್ರಶ್ನೆಗೆ ಯಾರೋ ಉತ್ತರ ಕೊಟ್ಟಂತಿತ್ತು: ವಾಪಸು ಚಪ್ಪಾಳೆ.

ಇಂಗ್ಲೆಂಡಿನ ತರಬೇತುದಾರ ಆಶ್ಲಿ ವೆಸ್ಟ್‌ವುಡ್ ಆಟಗಾರರ ಊಟ, ನಿದ್ದೆ, ಓಟ ಎಲ್ಲಕ್ಕೂ ಲೆಕ್ಕ ಇಟ್ಟರು. ನಾಯಕ ಸುನಿಲ್ ಛೆಟ್ರಿ. 2014ರ ಏಪ್ರಿಲ್ 21ರಂದು ಗೋವಾದ ಫತೋರ್ಡಾದಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ, ಆಡಿದ ಮೊದಲ ವರ್ಷವೇ ಲೀಗ್ ಚಾಂಪಿಯನ್ ಆದರು. ಆಟ ಚೆನ್ನಾಗಿರದಿದ್ದರೆ ಹೆಸರು, ಚಪ್ಪಾಳೆ ಯಾವುದೂ ಬಹಳ ದಿನ ಬಾಳುತ್ತಿರಲಿಲ್ಲ ಎಂಬುದನ್ನೂ ಒಪ್ಪಬೇಕು.

ಆದರೆ ಜನ ನಿಜವಾಗಿ ಮರಳಿದ್ದಾರೆಂದು ನನಗೆ ಗೊತ್ತಾದದ್ದು ಗೆಲ್ಲದ ದಿನ. 2015ರ ಮೇ 31, ಭಾನುವಾರ. ತಂಡ ಆ ವೇಳೆಗೆ ಕಂಠೀರವ ಕ್ರೀಡಾಂಗಣಕ್ಕೆ ಬಂದಿತ್ತು. ಸಂಪಂಗಿ ಕೆರೆಯ ಅಂಗಳದಲ್ಲಿ ಕಟ್ಟಿದ ಕ್ರೀಡಾಂಗಣ ಅದು. ಲೀಗಿನ ಕೊನೆಯ ಪಂದ್ಯ, ಎದುರಿಗೆ ಮೋಹನ್ ಬಾಗಾನ್. ನಮ್ಮವರು ಗೆದ್ದರೆ ನಮಗೆ ಕಪ್ಪು, ಸಮವಾದರೆ ಅವರಿಗೆ. ಮಾಮುವನ್ನು ಬಲವಂತ ಮಾಡಿ ಕರೆದುಕೊಂಡು ಹೋಗಿದ್ದೆ. ಮಳೆ ಸುರಿಯುತ್ತಿತ್ತು, ಕೆರೆ ತನ್ನ ಜಾಗವನ್ನು ಮತ್ತೆ ಕೇಳುತ್ತಿರುವಂತೆ. ಮೊದಲಾರ್ಧದಲ್ಲಿ ಜಾನ್ ಜಾನ್ಸನ್ ಗೋಲು ಹೊಡೆದಾಗ ಮಾಮು ಪಕ್ಕದ ಅಪರಿಚಿತ ಹುಡುಗನನ್ನು ಅಪ್ಪಿಕೊಂಡರು. 87ನೇ ನಿಮಿಷದಲ್ಲಿ ಬಾಗಾನ್‌ನ ಬೆಲ್ಲೊ ರಜಾಕ್ ತಲೆಕೊಟ್ಟು ಚೆಂಡನ್ನು ಬಲೆಗೆ ಕಳಿಸಿದ. ಕಪ್ಪು ಕಲ್ಕತ್ತೆಗೆ ಹೋಯಿತು. ನಾನು ಎದ್ದೆ. ಸುತ್ತ ಯಾರೂ ಏಳಲಿಲ್ಲ. ನೆನೆದ ಗ್ಯಾಲರಿ ಸೋತವರಿಗೆ ಹಾಡುತ್ತಲೇ ಇತ್ತು. ಮಾಮು ನನ್ನ ತೋಳು ಹಿಡಿದು ಕೂರಿಸಿದರು. "ಅವರು ಈ ಕಡೆ ಬರಲಿ, ಆಮೇಲೆ ಹೋಗೋಣ."

ಮರುವರ್ಷ ಲೀಗ್ ಮತ್ತೆ ಬೆಂಗಳೂರಿಗೆ ಬಂತು. 2016ರ ಅಕ್ಟೋಬರ್ 19ರಂದು ಕಂಠೀರವದಲ್ಲಿ ಮಲೇಶಿಯಾದ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. ದೋಹಾದ ಫೈನಲ್‌ನಲ್ಲಿ ಇರಾಕಿನ ವಾಯುಪಡೆಯ ಕ್ಲಬ್ಬಿಗೆ ಒಂದು ಗೋಲಿನಿಂದ ಸೋತರು. 2017ರಲ್ಲಿ ತಂಡ ಐಎಸ್‌ಎಲ್‌ಗೆ ಸೇರಿ 2018-19ರಲ್ಲಿ ಅದನ್ನೂ ಗೆದ್ದಿತು.

ಛೆಟ್ರಿಯ ಒಂದು ಮಾತನ್ನು ಇಲ್ಲಿ ನೆನೆಯಬೇಕು. 2018ರ ಜೂನ್‌ನಲ್ಲಿ ಮುಂಬೈಯಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು 5-0ಯಿಂದ ಸೋಲಿಸಿದಾಗ ನೋಡಲು ಎರಡೂವರೆ ಸಾವಿರ ಜನ. ಮರುದಿನ ಆತ ಫೋನಿನ ಮುಂದೆ ನಿಂತು, ಯುರೋಪಿನ ಕ್ಲಬ್ಬುಗಳನ್ನಷ್ಟೇ ನೋಡುವವರೂ ಬನ್ನಿ, ಬೈಯುವುದಾದರೆ ಮೈದಾನಕ್ಕೇ ಬಂದು ಬೈಯಿರಿ ಎಂಬ ಅರ್ಥದಲ್ಲಿ ಕೇಳಿಕೊಂಡ. ಎರಡು ದಿನದ ನಂತರ ಕೀನ್ಯಾ ವಿರುದ್ಧದ ಪಂದ್ಯಕ್ಕೆ ಒಂದು ಸೀಟೂ ಖಾಲಿ ಉಳಿಯಲಿಲ್ಲ. ಮನಸ್ಸು ಮುರಿದವನನ್ನು ಜಾಹೀರಾತಿನಿಂದ ಕರೆತರಲಾಗುವುದಿಲ್ಲ. ಅವನ ಕೋಪಕ್ಕೆ ಕಾರಣವಿದೆ ಎಂದು ಮೊದಲು ಒಪ್ಪಬೇಕು. ಆತ ಮಾಡಿದ್ದು ಅದನ್ನೇ.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಹೊಸ ಗ್ಯಾಲರಿ ತುಂಬಿದ್ದು ನಿಜ, ಆದರೆ ಅದರಲ್ಲಿ ಗೌತಮಪುರದ ಪಾಲು ಎಷ್ಟು? ನನ್ನ ಕಣ್ಣಿಗೆ ಬಿದ್ದವರಲ್ಲಿ ಹೆಚ್ಚಿನವರು ಐಟಿ ಕಂಪನಿಗಳ ಹುಡುಗರು, ಕಾಲೇಜಿನವರು. ಹಾಡುಗಳ ಧಾಟಿ ಇಂಗ್ಲೆಂಡಿನದು, ನಡುನಡುವೆ ಕನ್ನಡ. ಮಾಮುವಿಗೆ ಅರ್ಧ ಹಾಡು ಅರ್ಥವಾಗುತ್ತಿರಲಿಲ್ಲ, ಬಾಯಿ ಮಾತ್ರ ಆಡಿಸುತ್ತಿದ್ದರು. ಕಂಠೀರವದ ಓಟದ ಪಥ ತಮಗೆ ಸಿಗುತ್ತಿಲ್ಲವೆಂದು ಅಥ್ಲೀಟುಗಳು ಹೈಕೋರ್ಟಿಗೆ ಹೋದರು. ಅವರದೂ ನ್ಯಾಯವಾದ ತಕರಾರು. ಒಂದು ಗ್ಯಾಲರಿಯನ್ನು ಗೆಲ್ಲುವಾಗ ಇನ್ನೊಬ್ಬರ ಅಂಗಳ ಕಿರಿದಾಯಿತು.

ಯಜಮಾನರಿಗೆ ಕಷ್ಟದ ದಿನಗಳೂ ಬಂದವು. 2021ರ ಮೇನಲ್ಲಿ ಎಎಫ್‌ಸಿ ಕಪ್ಪಿಗೆಂದು ಮಾಲ್ಡೀವ್ಸ್‌ಗೆ ಹೋದ ತಂಡದ ಮೂವರು ಕೋವಿಡ್ ನಿಯಮ ಮುರಿದು ಹೊರಗೆ ಸುತ್ತಾಡಿದರು. ಅಲ್ಲಿನ ಸಚಿವರು ತಂಡವೇ ಹೊರಡಲಿ ಎಂದರು. ಆಗ ಕ್ಲಬ್ಬಿನ ಪಾರ್ಥ್ ಜಿಂದಾಲ್ ನೆಪ ಹೇಳದೆ, ಇದು ಕ್ಷಮೆಗೆ ಅರ್ಹವಲ್ಲದ ನಡತೆ ಎಂದು ಬಹಿರಂಗವಾಗಿ ಕ್ಷಮೆ ಕೇಳಿದರು. ಅದೇ ವರ್ಷದ ಲೀಗಿನಲ್ಲಿ ತಂಡ ಏಳನೆಯದಾಗಿತ್ತು. 2022ರಲ್ಲಿ ಡುರಾಂಡ್ ಕಪ್ ಬಂತು, 2023-24ರಲ್ಲಿ ಮತ್ತೆ ಹತ್ತನೇ ಸ್ಥಾನಕ್ಕೆ ಜಾರಿತು.

ಈ ನಡುವೆ 2023ರ ಮಾರ್ಚ್ 18ರ ರಾತ್ರಿಯ ಕತೆ ಇದೆ. ಗೋವಾದಲ್ಲಿ ಐಎಸ್‌ಎಲ್ ಫೈನಲ್. ಬೆಂಗಳೂರಿನ ಎದುರಿಗಿದ್ದ ತಂಡದ ಹೆಸರು 'ಎಟಿಕೆ ಮೋಹನ್ ಬಾಗಾನ್'. 2020ರಲ್ಲಿ ಗೋಯೆಂಕಾ ಗುಂಪು 1889ರ ಆ ಹಳೆಯ ಕ್ಲಬ್ಬಿನ ಶೇಕಡಾ 80 ಪಾಲು ಕೊಂಡು, ತನ್ನದೇ ಆದ ಎಟಿಕೆ ತಂಡದ ಹೆಸರನ್ನು ಅದರ ಮುಂದೆ ಅಂಟಿಸಿತ್ತು. ಅಭಿಮಾನಿಗಳು ಮೂರು ವರ್ಷ ಬೀದಿಯಲ್ಲಿ, ಗ್ಯಾಲರಿಯಲ್ಲಿ ಪ್ರತಿಭಟಿಸಿದರು. ಎಷ್ಟೋ ಜನ ತಮ್ಮ ತಂಡದ ಆಟ ನೋಡುವುದನ್ನೇ ಬಿಟ್ಟರು. ಆ ರಾತ್ರಿ ಪೆನಾಲ್ಟಿಯಲ್ಲಿ ನಮ್ಮವರು ಸೋತರು. ಕಪ್ಪು ಗೆದ್ದ ಖುಷಿಯಲ್ಲಿ ಸಂಜೀವ್ ಗೋಯೆಂಕಾ ಅಲ್ಲೇ ಘೋಷಿಸಿದರು: ಎಟಿಕೆ ತೆಗೆದುಹಾಕುತ್ತೇವೆ, ಇನ್ನು ಮುಂದೆ 'ಮೋಹನ್ ಬಾಗಾನ್ ಸೂಪರ್ ಜೈಂಟ್'. ಮೂರು ಅಕ್ಷರ ತೆಗೆದದ್ದಕ್ಕೆ ಕಲ್ಕತ್ತೆಯಲ್ಲಿ ಕಪ್ಪಿಗಿಂತ ಹೆಚ್ಚು ಸಂಭ್ರಮವಾಯಿತೆಂದರೆ ನಾನು ನಂಬುತ್ತೇನೆ. 2025ರ ಏಪ್ರಿಲ್‌ನಲ್ಲಿ ಅದೇ ತಂಡ ಫೈನಲ್‌ನಲ್ಲಿ ಮತ್ತೊಮ್ಮೆ ನಮ್ಮನ್ನು 2-1ರಿಂದ ಸೋಲಿಸಿತು. 1937ರ ಮುಸ್ಲಿಮ್ಸ್ ತಂಡದವರು ಇದ್ದಿದ್ದರೆ ಏನನ್ನುತ್ತಿದ್ದರೋ.

ನೆರೆಯ ಹೈದರಾಬಾದಿನವರಿಗೆ ಇಷ್ಟು ಭಾಗ್ಯವೂ ಇರಲಿಲ್ಲ. 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದ ಪೊಲೀಸ್ ತಂಡದ ಊರು ಅದು. 2019ರಲ್ಲಿ ಅಲ್ಲಿಗೂ ಹೊಸ ಕ್ಲಬ್ ಬಂತು, 2022ರಲ್ಲಿ ಐಎಸ್‌ಎಲ್ ಗೆದ್ದಿತು. ಆಮೇಲೆ ಆಟಗಾರರ ಬಾಕಿ, ಯಜಮಾನರ ಬದಲಾವಣೆ, ಕೊನೆಗೆ 2025ರಲ್ಲಿ ತಂಡವನ್ನೇ ದೆಹಲಿಗೆ ಸಾಗಿಸಿ ಹೆಸರು ಬದಲಿಸಿದರು. ಮೈದಾನ ಮಾತ್ರ ಅಲ್ಲೇ ಉಳಿಯಿತು.

ಹೀಗಾಗಿ 2025ರ ಆಗಸ್ಟ್‌ನಲ್ಲಿ, ಫೆಡರೇಷನ್ ಮತ್ತು ಲೀಗ್ ನಡೆಸುವ ಕಂಪನಿಯ ನಡುವಿನ ಒಪ್ಪಂದ ಬಗೆಹರಿಯದೆ ಐಎಸ್‌ಎಲ್ ನಿಂತುಹೋಗಿದ್ದಾಗ, ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲಕ್ಕೆ ತಡೆಹಿಡಿಯುವುದಾಗಿ ಹೇಳಿದ ಸುದ್ದಿ ಓದಿ ನನ್ನ ಎದೆ ಝಲ್ ಎಂದಿತು. ತಪ್ಪು ಕ್ಲಬ್ಬಿನದಷ್ಟೇ ಅಲ್ಲ ಎಂಬುದು ಸರಿ. ಆದರೂ ಅಂದು ತಿಳಿದದ್ದು ಇಷ್ಟು: ಹೆಸರು ಊರಿನದಾದರೂ ತಿಜೋರಿಯ ಬೀಗದ ಕೈ ಊರಿನ ಹತ್ತಿರ ಇಲ್ಲ.

ಮಾಮು ಇದನ್ನೆಲ್ಲ ನೋಡಲಿಲ್ಲ. ಅವರು ಹೋಗಿ ಕೆಲವು ವರ್ಷಗಳಾದವು. ಮಳೆಯಲ್ಲಿ ನೆನೆದ ಆ ರಾತ್ರಿ ಕಂಠೀರವದಿಂದ ನಮ್ಮ ಮನೆಗೇ ಬಂದಿದ್ದರು. ಟವೆಲ್ಲಿನಲ್ಲಿ ತಲೆ ಒರೆಸಿಕೊಳ್ಳುತ್ತ, ನನ್ನ ಹೆಂಡತಿ ಕೊಟ್ಟ ಶುಂಠಿ ಚಹಾ ಕುಡಿಯುತ್ತ, ಮುಂದಿನ ಸೀಸನ್ ಯಾವಾಗ ಶುರುವಾಗುತ್ತದೆಂದು ಎರಡು ಸಲ ಕೇಳಿದ್ದರು.

ಬೀದಿ ಕೊನೆಯ ಖಾಲಿ ಸೈಟಿನಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡವಿದೆ. ಹುಡುಗರು ಗಂಟೆಗಿಷ್ಟೆಂದು ಬಾಡಿಗೆ ಕೊಟ್ಟು, ಬಲೆ ಕಟ್ಟಿದ ಹಸಿರು ಟರ್ಫಿನಲ್ಲಿ ರಾತ್ರಿ ದೀಪ ಹಾಕಿಕೊಂಡು ಆಡುತ್ತಾರೆ. ಮೊನ್ನೆ ಮಗನನ್ನು ಕರೆತರಲು ಹೋದಾಗ ಎಣಿಸಿದೆ. ಮೆಸ್ಸಿಯ ಅಂಗಿಗಳು ಐದು, ರೊನಾಲ್ಡೊ ನಾಲ್ಕು. ಗೋಲು ಕಾಯುತ್ತಿದ್ದ ಒಬ್ಬ ದಪ್ಪ ಹುಡುಗನ ಮೈಮೇಲೆ, ತೊಳೆದು ತೊಳೆದು ಮಾಸಿದ, ಛೆಟ್ರಿಯ 11ನೇ ನಂಬರಿನ ನೀಲಿ ಅಂಗಿ ಇತ್ತು.